ಬಿಸಿಯಾಗದ ವೇಗ

ಮನೆಗೆಂದು, ಕಂಪ್ಯೂಟರು ಟಿವಿಗಳನ್ನು ತಂತಿಯಲ್ಲಿ ಬೆಸೆಯುವ ನೆಟ್‌ವರ್ಕ್ ಸ್ವಿಚ್ ಕೊಳ್ಳಲು ಹೋದವರ ಕಣ್ಣಿಗೆ ಮೊದಲು ಬೀಳುವುದು ಡಬ್ಬದ ಮೇಲಿನ ದೊಡ್ಡಕ್ಷರದ ಸಂಖ್ಯೆ: ‘ಸ್ವಿಚಿಂಗ್ ಸಾಮರ್ಥ್ಯ 40 ಗಿಗಾಬಿಟ್’. ಇದರಲ್ಲಿ ಸುಳ್ಳೇನೂ ಇಲ್ಲ. ಎಂಟು ಪೋರ್ಟುಗಳಿವೆ, ಒಂದೊಂದರಲ್ಲೂ ಸೆಕೆಂಡಿಗೆ 2.5 ಗಿಗಾಬಿಟ್ ಮಾಹಿತಿ ಹೋಗಬಹುದು, ಅಷ್ಟೇ ಮಾಹಿತಿ ಅದೇ ಹೊತ್ತಿಗೆ ಬರಬಹುದು. ಎಂಟನ್ನು ಎರಡೂವರೆಯಿಂದ, ಮತ್ತೆ ಎರಡರಿಂದ ಗುಣಿಸಿದರೆ ನಲವತ್ತು. ಎಲ್ಲ ಪೋರ್ಟುಗಳೂ ಒಟ್ಟಿಗೆ ತುಂಬಿ ಹರಿದರೂ ಒಳಗಿನ ಚಿಪ್ ತಡವರಿಸುವುದಿಲ್ಲ ಎಂದು ಇದರ ಅರ್ಥ. ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಸಣ್ಣ ಸ್ವಿಚ್‌ಗಳ ಬಗ್ಗೆಯೂ ಹೀಗೇ ಹೇಳಬಹುದಾದ್ದರಿಂದ, ಎರಡು ಡಬ್ಬಗಳ ನಡುವೆ ಒಂದನ್ನು ಆರಿಸಲು ಈ ಸಂಖ್ಯೆ ನೆರವಾಗದು. ನೆರವಾಗುವ ಸಂಖ್ಯೆ ಬೇರೆಯೇ ಇದೆ. ಅದನ್ನು ತಳಭಾಗದ ಚೀಟಿಯಲ್ಲೋ ತಾಂತ್ರಿಕ ವಿವರಗಳ ಕೊನೆಯ ಸಾಲಿನಲ್ಲೋ ಹುಡುಕಬೇಕು: ಈ ಪೆಟ್ಟಿಗೆ ಎಷ್ಟು ವ್ಯಾಟ್ ವಿದ್ಯುತ್ ನುಂಗುತ್ತದೆ?

ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಫ್ಯಾನಿಲ್ಲದ ಒಂದು ಪುಟ್ಟ ಪೆಟ್ಟಿಗೆ ಹಗಲೂ ರಾತ್ರಿ, ವರ್ಷಗಟ್ಟಲೆ, ಒಮ್ಮೆಯೂ ಆರದೆ ಕೆಲಸ ಮಾಡಬೇಕಾದಾಗ ಅದರ ಆಯುಸ್ಸನ್ನು ತೀರ್ಮಾನಿಸುವುದು ಈ ಶಾಖ. ವೇಗ ಹೆಚ್ಚಿದಷ್ಟೂ ಶಾಖ ಹೆಚ್ಚು, ಶಾಖ ಹೆಚ್ಚಿದಷ್ಟೂ ಬಾಳಿಕೆ ಕಡಿಮೆ. ಮನೆಗೆ ಸ್ವಿಚ್ ಆರಿಸುವುದೆಂದರೆ ವೇಗ ಮತ್ತು ಬಾಳಿಕೆಗಳ ನಡುವಿನ ಈ ಜಗಳವನ್ನು ಬಿಡಿಸುವುದು ಎಂದೇ ನಾನು ತಿಳಿದಿದ್ದೇನೆ. ಬಿಡಿಸಬೇಕಾದರೆ ಆ ಬಿಸಿ ಎಲ್ಲಿಂದ ಹುಟ್ಟುತ್ತದೆ ಎಂಬುದು ಮೊದಲು ಗೊತ್ತಾಗಬೇಕು.

ಅದಕ್ಕೆ ಮೊದಲಿನಿಂದ ಬರೋಣ. ಈ ತಂತಿಜಾಲದ ಪದ್ಧತಿಯಾದ ಈಥರ್‌ನೆಟ್ ಹುಟ್ಟಿದಾಗ ಸ್ವಿಚ್ ಇರಲಿಲ್ಲ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯೊಂದರಲ್ಲಿ ಈ ಜಾಲದ ಮೊದಲ ಕಲ್ಪನೆ ಇದೆ. ಅವರೂ ಡೇವಿಡ್ ಬಾಗ್ಸ್ ಅವರೂ ಸೇರಿ ಕಟ್ಟಿದ ಜಾಲದಲ್ಲಿ ಇದ್ದದ್ದು ಒಂದೇ ಕೇಬಲ್. ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಜೋತುಬಿದ್ದಿದ್ದವು. ಒಂದು ಕಳಿಸಿದ ಸಂದೇಶ ಉಳಿದೆಲ್ಲವಕ್ಕೂ ತಲುಪುತ್ತಿತ್ತು. ಎರಡು ಒಟ್ಟಿಗೆ ಕಳಿಸಿದರೆ ಎರಡೂ ಕೆಡುತ್ತಿದ್ದವು. ಆಗ ಎರಡೂ ಸುಮ್ಮನಾಗಿ, ಒಂದೊಂದು ತನ್ನದೇ ಲೆಕ್ಕದಲ್ಲಿ ಕೊಂಚ ಕಾದು, ಮತ್ತೆ ಕಳಿಸಬೇಕಿತ್ತು. ಸೆಕೆಂಡಿಗೆ 2.94 ಮೆಗಾಬಿಟ್ ವೇಗ, ಅದೂ ಎಲ್ಲರಿಗೂ ಸೇರಿ. ಆಮೇಲೆ ಬಂದ ‘ಹಬ್’ ನೋಡಲು ಸ್ವಿಚ್ಚಿನಂತೆಯೇ ಇದ್ದರೂ ಒಳಗೆ ನಡೆಯುತ್ತಿದ್ದದ್ದು ಇದೇ.

1990ರಲ್ಲಿ ಸಿಲಿಕಾನ್ ವ್ಯಾಲಿಯ ‘ಕಲ್ಪನಾ’ ಎಂಬ ಸಣ್ಣ ಕಂಪನಿ ಏಳು ಪೋರ್ಟುಗಳ ‘ಈಥರ್‌ಸ್ವಿಚ್’ ಅನ್ನು ಹೊರತಂದಿತು. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ಕಂಪನಿ ಅದು. ಭಾರದ್ವಾಜ್ ತಮ್ಮ ಪತ್ನಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡ ಮೇಲೆ ಆ ಹೆಸರು ಮರೆಯಾಯಿತು. ಇವತ್ತು ಟಿವಿ ಸ್ಟ್ಯಾಂಡಿನ ಹಿಂದೆ ಮಿಣುಕುವ ಐದು ಪೋರ್ಟಿನ ಪೆಟ್ಟಿಗೆಯೂ ಆ ವಂಶದ್ದೇ, ಇದು ನಮ್ಮಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು.

ಸ್ವಿಚ್ ಮಾಡುವ ಕೆಲಸ ಇಷ್ಟು. ಪ್ರತಿ ಉಪಕರಣಕ್ಕೂ 48 ಬಿಟ್‌ಗಳ ಮ್ಯಾಕ್ ವಿಳಾಸವೊಂದು ಇರುತ್ತದೆ. ಯಾವ ವಿಳಾಸದಿಂದ ಸಂದೇಶ ಯಾವ ಪೋರ್ಟಿನಲ್ಲಿ ಬಂತೆಂದು ಸ್ವಿಚ್ ಗುರುತಿಟ್ಟುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಏನೇ ಬಂದರೂ ಆ ಒಂದು ಪೋರ್ಟಿಗಷ್ಟೇ ತಳ್ಳುತ್ತದೆ. ಗೊತ್ತಿಲ್ಲದ ವಿಳಾಸವಾದರೆ ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕಳಿಸಿ, ಉತ್ತರ ಯಾವ ಕಡೆಯಿಂದ ಬಂತೆಂದು ನೋಡಿ ಕಲಿಯುತ್ತದೆ. ಸಾಮಾನ್ಯವಾಗಿ ಐದು ನಿಮಿಷ ಸುದ್ದಿಯೇ ಇಲ್ಲದ ವಿಳಾಸವನ್ನು ಮರೆತುಬಿಡುತ್ತದೆ. ಯಾರೂ ಹೇಳಿಕೊಡದೆ ತಾನೇ ಕಲಿಯುವ ಈ ಗುಣದಿಂದಲೇ ತಂತಿ ಚುಚ್ಚಿದೊಡನೆ ಎಲ್ಲವೂ ನಡೆಯತೊಡಗುತ್ತದೆ. 2.5 ಗಿಗಾಬಿಟ್‌ನ ಎಂಟೂ ಪೋರ್ಟುಗಳಲ್ಲಿ ಅತಿ ಸಣ್ಣ ಸಂದೇಶಗಳೇ ತುಂಬಿ ಬಂದರೆ ಸೆಕೆಂಡಿಗೆ ಸುಮಾರು ಮೂರು ಕೋಟಿ ಬಾರಿ ಈ ಹುಡುಕಾಟ ನಡೆಯಬೇಕು. ಕೇಳಲು ಭಾರಿ ಅನ್ನಿಸುತ್ತದೆ. ಆದರೂ ಪೆಟ್ಟಿಗೆ ಬಿಸಿಯಾಗಲು ಇದು ಮುಖ್ಯ ಕಾರಣವಲ್ಲ. ಬಿಸಿ ಹುಟ್ಟುವುದು ಅಂಚಿನಲ್ಲಿ, ತಂತಿ ಬಂದು ಸೇರುವ ಕಡೆ.

ನೆಟ್‌ವರ್ಕ್ ಕೇಬಲ್ಲಿನ ಹೊರಕವಚ ಸೀಳಿದರೆ ಎಂಟು ಎಳೆಗಳು ಕಾಣುತ್ತವೆ, ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು: ಕಿತ್ತಳೆ, ಹಸಿರು, ನೀಲಿ, ಕಂದು. ಹಳೆಯ 100 ಮೆಗಾಬಿಟ್ ಕಾಲದಲ್ಲಿ ಎರಡು ಜೋಡಿ ಸಾಕಿತ್ತು, ಒಂದು ಹೋಗಲು, ಒಂದು ಬರಲು. 1999ರಲ್ಲಿ ತಾಮ್ರದ ತಂತಿಗೆ ಗಿಗಾಬಿಟ್ ಮಾನದಂಡ ಬಂದಾಗ ನಾಲ್ಕೂ ಜೋಡಿಗಳು ಬಳಕೆಗೆ ಬಂದವು. ಅಷ್ಟೇ ಅಲ್ಲ, ಒಂದೊಂದು ಜೋಡಿಯಲ್ಲೂ ಎರಡೂ ದಿಕ್ಕಿನ ಸಂಕೇತಗಳು ಒಟ್ಟೊಟ್ಟಿಗೆ ಹರಿಯತೊಡಗಿದವು. ಪೋರ್ಟಿನ ಹಿಂದಿರುವ ‘ಫೈ’ ಎಂಬ ಚಿಪ್ಪಿನ ಪಾಡು ಯೋಚಿಸಿ ನೋಡಿ. ತಂತಿಯ ಮೇಲೆ ಸಿಗುವುದು ಎಲ್ಲ ಸೇರಿದ ಕಲಬೆರಕೆ. ಅದರಿಂದ ತಾನು ಕಳಿಸಿದ ಸಂಕೇತದ ಪ್ರತಿಧ್ವನಿಯನ್ನು ಕಳೆಯಬೇಕು, ಪಕ್ಕದ ಮೂರು ಜೋಡಿಗಳಿಂದ ಸೋರಿ ಬಂದದ್ದನ್ನು ಕಳೆಯಬೇಕು, ಉಳಿದದ್ದರಲ್ಲಿ ಆಚೆ ತುದಿಯ ಸಂಕೇತವನ್ನು ಹೆಕ್ಕಬೇಕು. ಗಿಗಾಬಿಟ್‌ನಲ್ಲಿ ಇದು ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ 12.5 ಕೋಟಿ ಸಲ ನಡೆಯುತ್ತದೆ, ವೋಲ್ಟೇಜಿನ ಐದು ಮಟ್ಟಗಳಲ್ಲಿ ಯಾವುದೆಂದು ಪ್ರತಿ ಸಲವೂ ಗುರುತಿಸಬೇಕು.

2006ರಲ್ಲಿ ಅದೇ ನಾಲ್ಕು ಜೋಡಿ ತಂತಿಗೆ 10 ಗಿಗಾಬಿಟ್ ಮಾನದಂಡ ಬಂತು. ಈಗ ಪ್ರತಿ ಜೋಡಿಯಲ್ಲಿ ಸೆಕೆಂಡಿಗೆ 80 ಕೋಟಿ ಸಂಕೇತ, ಮಟ್ಟಗಳು ಐದರ ಬದಲು ಹದಿನಾರು. ಈರುಳ್ಳಿ ತೂಗುತ್ತಿದ್ದ ಕೈಗೆ ಅಕ್ಕಸಾಲಿಗರ ತಕ್ಕಡಿ ಕೊಟ್ಟು, ಕೆಲಸವನ್ನು ಆರು ಪಟ್ಟಿಗೂ ಮೀರಿದ ಅವಸರದಲ್ಲಿ ಮುಗಿಸು ಎಂದ ಹಾಗಾಯಿತು. ಮಟ್ಟ ಮಟ್ಟಗಳ ನಡುವಿನ ಅಂತರ ಅಷ್ಟು ಕಿರಿದಾದ ಮೇಲೆ ತಪ್ಪು ಆಗಿಯೇ ಆಗುತ್ತದೆ. ಆ ತಪ್ಪುಗಳನ್ನು ತಿದ್ದಲು ಬಳಸಿದ ಗಣಿತ ರಾಬರ್ಟ್ ಗ್ಯಾಲಗರ್ ಅವರು ಅಮೆರಿಕದ ಎಂಐಟಿಯಲ್ಲಿ 1960ರ ಹೊತ್ತಿಗೇ ರೂಪಿಸಿದ್ದು. ಆಗಿನ ಯಂತ್ರಗಳಿಗೆ ಆ ಲೆಕ್ಕ ಹೊರಲಾರದಷ್ಟು ಭಾರವಾಗಿತ್ತು, ದಶಕಗಳ ಕಾಲ ಅದು ಪುಸ್ತಕದಲ್ಲೇ ಉಳಿಯಿತು. ಈಗ ಅದೇ ಲೆಕ್ಕವನ್ನು ಉಗುರಗಲದ ಸಿಲಿಕಾನ್ ಬಿಡುವಿಲ್ಲದೆ ಮಾಡುತ್ತದೆ. ಲೆಕ್ಕವೆಂದರೆ ವಿದ್ಯುತ್, ವಿದ್ಯುತ್ತೆಂದರೆ ಬಿಸಿ. ಮೊದಮೊದಲ 10 ಗಿಗಾಬಿಟ್ ಫೈ ಚಿಪ್‌ಗಳು ಪೋರ್ಟೊಂದಕ್ಕೆ ಹತ್ತು ವ್ಯಾಟ್ ಆಸುಪಾಸು ಬೇಡುತ್ತಿದ್ದವು. ಚಿಪ್ ತಯಾರಿಕೆ ಸೂಕ್ಷ್ಮವಾಗುತ್ತ ಬಂದಂತೆ ಅದು ಎರಡು ಮೂರು ವ್ಯಾಟಿಗೆ ಇಳಿದಿದೆ. ಆದರೂ ಅಂಥ ಎಂಟು ಪೋರ್ಟು ಸೇರಿದರೆ ಇಪ್ಪತ್ತು ವ್ಯಾಟ್ ದಾಟುತ್ತದೆ, ಫ್ಯಾನ್ ಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ತಿರುಗುವ ಭಾಗ ಅದೊಂದೇ, ಮೊದಲು ಸವೆಯುವುದೂ ಅದೇ. ನಮ್ಮ ಮನೆಗಳ ಧೂಳಿನಲ್ಲಿ ನಾಲ್ಕು ಸೆಂಟಿಮೀಟರಿನ ಫ್ಯಾನ್ ನಿಂತುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬರುವುದು ಆಮೇಲೆ ಸುಟ್ಟುಹೋದ ಸ್ವಿಚ್.

ಎರಡೂವರೆ ಗಿಗಾಬಿಟ್ ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂಬುದು ಇಲ್ಲಿಗೆ ಅರ್ಥವಾಗುತ್ತದೆ. ಈಥರ್‌ನೆಟ್ ಅಲ್ಲಿಯವರೆಗೆ ಹತ್ತರ ಪಟ್ಟಿನಲ್ಲೇ ಹೆಚ್ಚಾಗಿ ಜಿಗಿದಿತ್ತು: 10, 100, 1000, 10,000. ಅಷ್ಟರಲ್ಲಿ ವೈ-ಫೈ ಉಪಕರಣಗಳು ಗಿಗಾಬಿಟ್ ದಾಟತೊಡಗಿದವು. ಜಗತ್ತಿನ ಕಚೇರಿಗಳ ಗೋಡೆಯೊಳಗೆ ಹುದುಗಿದ್ದದ್ದು ಕ್ಯಾಟ್ 5ಇ ಕೇಬಲ್. ಅದು 10 ಗಿಗಾಬಿಟ್‌ಗೆಂದು ಮಾಡಿದ್ದಲ್ಲ, ಗೋಡೆ ಒಡೆಯಲು ಯಾರೂ ತಯಾರಿರಲಿಲ್ಲ. ಎಂಜಿನಿಯರುಗಳು 10 ಗಿಗಾಬಿಟ್‌ನ ತಂತ್ರವನ್ನೇ ತೆಗೆದುಕೊಂಡು ಅದರ ಗಡಿಯಾರವನ್ನು ನಾಲ್ಕನೇ ಒಂದಕ್ಕೆ ನಿಧಾನಿಸಿದರು. ಸೆಕೆಂಡಿಗೆ 20 ಕೋಟಿ ಸಂಕೇತ, ನೂರು ಮೀಟರ್ ಹಳೆಯ ಕೇಬಲ್ಲಿನಲ್ಲೂ ನಿರಾತಂಕ. 2016ರಲ್ಲಿ ಮಾನದಂಡ ಒಪ್ಪಿಗೆ ಪಡೆಯಿತು. ಪೋರ್ಟೊಂದಕ್ಕೆ ಒಂದು ವ್ಯಾಟಿನ ಆಸುಪಾಸು ಸಾಕಾಗುವುದರಿಂದ ಎಂಟು ಪೋರ್ಟಿನ ಪೆಟ್ಟಿಗೆಗೂ ಫ್ಯಾನ್ ಬೇಕಿಲ್ಲ. ಗೋಡೆ ಕಟ್ಟುವಾಗಲೇ ಪೈಪಿನಲ್ಲಿ ಕ್ಯಾಟ್ 5ಇ ಎಳೆಸಿಕೊಂಡ ನಮ್ಮ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಅಷ್ಟು ವೇಗ ಬೇಕೇ? ಮನೆಗೆ ಬರುವ ಫೈಬರ್ ಸಂಪರ್ಕ 100ರಿಂದ 300 ಮೆಗಾಬಿಟ್‌ನದಾದರೆ, ಅದನ್ನು ಹಂಚಲು ಗಿಗಾಬಿಟ್ ಸ್ವಿಚ್ ಧಾರಾಳ. 4ಕೆ ಸಿನಿಮಾ ಹರಿದುಬರಲು ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಾಕು. ಎಷ್ಟೋ ಸ್ಮಾರ್ಟ್ ಟಿವಿಗಳ ನೆಟ್‌ವರ್ಕ್ ಪೋರ್ಟು ಇಂದಿಗೂ 100 ಮೆಗಾಬಿಟ್‌ನದು. ಇಂಟರ್‌ನೆಟ್ಟಿಗಷ್ಟೇ ಸ್ವಿಚ್ ಬೇಕಿರುವವರು ಲೋಹದ ಕವಚದ ಗಿಗಾಬಿಟ್ ಸ್ವಿಚ್ಚೊಂದನ್ನು ಕೊಂಡು ಚಿಂತೆ ಬಿಡಬಹುದು. ಎಂಟು ಪೋರ್ಟಿನದಾದರೂ ಅದು ನಾಲ್ಕೈದು ವ್ಯಾಟಿನ ಒಳಗೇ ಇರುತ್ತದೆ, ಮುಟ್ಟಿದರೆ ಉಗುರುಬೆಚ್ಚಗಷ್ಟೇ ಇರುತ್ತದೆ.

ವೇಗ ಬೇಕಾಗುವುದು ಮನೆಯೊಳಗೇ ದೊಡ್ಡ ಕಡತಗಳು ಓಡಾಡುವಾಗ. ಮದುವೆ ವಿಡಿಯೊಗಳನ್ನು ಮನೆಯಲ್ಲೇ ಎಡಿಟ್ ಮಾಡುವವರನ್ನು ನೆನೆಯಿರಿ. ಇವತ್ತು ನಮ್ಮ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಅಂಥವರಿದ್ದಾರೆ. ಸೆಕೆಂಡಿಗೆ 100 ಮೆಗಾಬಿಟ್ ಗುಣಮಟ್ಟದಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ. ಆರತಕ್ಷತೆ, ಮುಹೂರ್ತ ಎರಡಕ್ಕೂ ಎರಡು ಮೂರು ಕ್ಯಾಮೆರಾ ಓಡಿದರೆ ಹನ್ನೊಂದು ಗಂಟೆಯ ದೃಶ್ಯ ಸುಲಭವಾಗಿ ಆಗುತ್ತದೆ, ಹತ್ತಿರಹತ್ತಿರ 500 ಜಿಬಿ. ಇದನ್ನು ಮಹಡಿಯ ಕೋಣೆಯ ಕಂಪ್ಯೂಟರಿನಿಂದ ಕೆಳಗಿನ ‘ನ್ಯಾಸ್’ ಎಂಬ ಸಂಗ್ರಹ ಪೆಟ್ಟಿಗೆಗೆ ಕಳಿಸಬೇಕು. ಗಿಗಾಬಿಟ್ ತಂತಿಯಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 117 ಎಂಬಿ. ಉಳಿದದ್ದು ವಿಳಾಸ, ಅಂತರ ಮುಂತಾದವಕ್ಕೆ ಹೋಗುತ್ತದೆ. ಒಂದು ಗಂಟೆ ಹತ್ತು ನಿಮಿಷ ಬೇಕು. 2.5 ಗಿಗಾಬಿಟ್ ಆದರೆ 28 ನಿಮಿಷ. 10 ಗಿಗಾಬಿಟ್ ಆದರೆ ಏಳೇ ನಿಮಿಷ, ಆದರೆ ಎರಡೂ ತುದಿಯಲ್ಲಿ ಅಷ್ಟು ವೇಗದ ಎಸ್‌ಎಸ್‌ಡಿ ಇದ್ದರೆ ಮಾತ್ರ. ತಿರುಗುವ ಹಾರ್ಡ್ ಡಿಸ್ಕ್ ಹೊಸದಾದರೂ ಸಾಮಾನ್ಯವಾಗಿ ಸೆಕೆಂಡಿಗೆ 200ರಿಂದ 250 ಎಂಬಿ ಬರೆಯುವುದೇ ಹೆಚ್ಚು. ಒಂದು ಹಾರ್ಡ್ ಡಿಸ್ಕಿನ ಓಟಕ್ಕೆ 2.5 ಗಿಗಾಬಿಟ್ ಹೇಳಿ ಮಾಡಿಸಿದ ಜೋಡಿ. ಅದಕ್ಕೆ 10 ಗಿಗಾಬಿಟ್ ತಂತಿ ಕಟ್ಟುವುದು ಬಿಸಿಯನ್ನಷ್ಟೇ ಕೊಂಡುತಂದ ಹಾಗೆ.

10 ಗಿಗಾಬಿಟ್ ನಿಜಕ್ಕೂ ಬೇಕಾದವರಿಗೆ ಬೇರೊಂದು ದಾರಿಯಿದೆ. ಕೆಲವು ಸ್ವಿಚ್‌ಗಳಲ್ಲಿ ಲೋಹದ ಚೌಕ ಬಾಯಿಯ ಎಸ್‌ಎಫ್‌ಪಿ ಪ್ಲಸ್ ಗೂಡುಗಳಿರುತ್ತವೆ. ಗೂಡಿಗೆ ಹಾಕುವುದು ಸ್ವಿಚ್ಚಿನ ಪಕ್ಕದಲ್ಲೇ ನ್ಯಾಸ್ ಇದ್ದರೆ ‘ಡ್ಯಾಕ್’ ಎಂಬ ಒಂದೆರಡು ಮೀಟರಿನ ತಾಮ್ರದ ಕೇಬಲ್, ದೂರವಿದ್ದರೆ ಗಾಜಿನ ನಾರು. ಡ್ಯಾಕ್ ಕೇಬಲ್ಲಿನಲ್ಲಿ ಆ ಹದಿನಾರು ಮಟ್ಟಗಳ ಲೆಕ್ಕವೇ ಇಲ್ಲ. ಸಂಕೇತ ಇದೆಯೋ ಇಲ್ಲವೋ ಎಂಬಷ್ಟೇ ನೋಡಿದರಾಯಿತು. ಹಾಗಾಗಿ ಕೇಬಲ್ ಬೇಡುವುದು ವ್ಯಾಟಿನ ಸಣ್ಣ ಪಾಲು, ನಾರಿನ ಮಾಡ್ಯೂಲ್ ಆದರೂ ಒಂದು ವ್ಯಾಟಿನ ಒಳಗೆ. ಲಾಟ್ವಿಯಾದ ಮೈಕ್ರೊಟಿಕ್ ಕಂಪನಿಯ ನಾಲ್ಕು ಎಸ್‌ಎಫ್‌ಪಿ ಪ್ಲಸ್ ಗೂಡುಗಳ ಸಿಆರ್‌ಎಸ್ 305 ಸ್ವಿಚ್ ಫ್ಯಾನಿಲ್ಲದೆ 10 ಗಿಗಾಬಿಟ್ ಓಡಿಸಬಲ್ಲದ್ದು ಇದರಿಂದಲೇ. ಇಲ್ಲೊಂದು ಎಚ್ಚರ ಬೇಕು. ಇದೇ ಗೂಡಿಗೆ ಸಾಮಾನ್ಯ ಆರ್‌ಜೆ 45 ತಂತಿಯನ್ನು ಜೋಡಿಸುವ 10 ಗಿಗಾಬಿಟ್ ಮಾಡ್ಯೂಲುಗಳೂ ಸಿಗುತ್ತವೆ. ಗೂಡುಗಳನ್ನು ಮೂಲದಲ್ಲಿ ಲೆಕ್ಕ ಹಾಕಿದ್ದು ಒಂದರಿಂದ ಒಂದೂವರೆ ವ್ಯಾಟಿಗೆ. ಈ ಮಾಡ್ಯೂಲು ಒಂದೊಂದೂ ಎರಡೂವರೆ ವ್ಯಾಟ್ ಆಸುಪಾಸು ಉರಿಸುತ್ತದೆ. ಕೆಲಸ ಮಾಡುತ್ತಿರುವಾಗ ಬರಿಗೈಯಲ್ಲಿ ಹಿಡಿದು ಎಳೆದರೆ ಬೆರಳು ಚುರ್ರೆನ್ನುತ್ತದೆ. ಹಾಕಲೇಬೇಕಾದರೆ ಒಂದು ಹಾಕಿ, ಪಕ್ಕದ ಗೂಡು ಖಾಲಿ ಬಿಡಿ.

ಡಬ್ಬದ ಮೇಲೆ ಅಪರೂಪಕ್ಕೆ ಕಾಣುವ ಇನ್ನೊಂದು ಗುಣ ತಾತ್ಕಾಲಿಕ ಸ್ಮರಣೆಯದು. ನ್ಯಾಸ್ 10 ಗಿಗಾಬಿಟ್‌ನಲ್ಲಿ ಕಳಿಸುತ್ತಿದೆ, ಲ್ಯಾಪ್‌ಟಾಪ್ ಒಂದೇ ಗಿಗಾಬಿಟ್‌ನಲ್ಲಿ ತೆಗೆದುಕೊಳ್ಳಬಲ್ಲದು ಎಂದುಕೊಳ್ಳಿ. ಹೆಚ್ಚುವರಿ ಒಂಬತ್ತು ಗಿಗಾಬಿಟ್ ಸ್ವಿಚ್ಚಿನೊಳಗೆ ಸಾಲು ನಿಲ್ಲಬೇಕು. ಒಳಗೆ ಒಂದೂವರೆ ಎಂಬಿ ಜಾಗವಿದ್ದರೆ ಅದು ತುಂಬಲು 1.3 ಮಿಲಿಸೆಕೆಂಡು ಸಾಕು. ಆಮೇಲೆ ಬಂದದ್ದು ಬಿದ್ದುಹೋಗುತ್ತದೆ. ಕಳಿಸಿದವರು ಅದನ್ನು ಗಮನಿಸಿ ವೇಗ ತಗ್ಗಿಸಿ ಮತ್ತೆ ಕಳಿಸುತ್ತಾರೆ, ಮತ್ತೆ ಏರಿಸುತ್ತಾರೆ, ಮತ್ತೆ ಬೀಳುತ್ತದೆ. ವೇಗದ ಸ್ವಿಚ್ ತಂದ ಮೇಲೆ ಹಳೆಯ ಲ್ಯಾಪ್‌ಟಾಪಿಗೆ ಕಡತಗಳು ಮೊದಲಿಗಿಂತ ನಿಧಾನ ಬರುತ್ತಿವೆ ಎಂಬ ದೂರಿನ ಮೂಲ ಎಷ್ಟೋ ಸಲ ಇದು. ಇದೇ ಸ್ಮರಣೆಗೆ 2.5ರಿಂದ 1 ಗಿಗಾಬಿಟ್‌ಗೆ ಇಳಿಯುವಾಗ ಎಂಟು ಮಿಲಿಸೆಕೆಂಡು ಬಿಡುವು ಸಿಗುತ್ತದೆ, ಅಷ್ಟರಲ್ಲಿ ಎಲ್ಲವೂ ಹೊಂದಿಕೊಳ್ಳುತ್ತದೆ. ‘ಸ್ವಲ್ಪ ತಡೆ’ ಎಂದು ಹಿಂದಕ್ಕೆ ಸೂಚಿಸುವ ವ್ಯವಸ್ಥೆಯೂ ಈಥರ್‌ನೆಟ್‌ನಲ್ಲಿದೆ. ಅದರಿಂದ ಬೇರೆ ತೊಂದರೆ ಹುಟ್ಟುವುದುಂಟು: ಆರಿಸಿಟ್ಟ ಟಿವಿಯೊಂದು ನಿದ್ದೆಗೆ ಜಾರಿ, ತನ್ನ ಪಾಲಿನ ಸಂದೇಶಗಳನ್ನು ತೆಗೆಯಲಾರದೆ, ತಡೆ ತಡೆ ಎಂದು ಒಂದೇ ಸಮ ಹೇಳುತ್ತಿದ್ದರೆ ಮನೆಯ ಜಾಲವೆಲ್ಲ ಸ್ತಬ್ಧವಾಗಬಹುದು. ಟಿವಿ ಆರಿಸಿದ ಮೇಲೆಯೇ ನೆಟ್ ಕೆಡುತ್ತಿದ್ದರೆ ಟಿವಿಯ ತಂತಿ ಕಿತ್ತು ನೋಡಿ.

ಬಾಳಿಕೆಗೆ ಬರೋಣ. ಸ್ವಿಚ್ಚಿನೊಳಗಿನ ಚಿಪ್ ಸಾಮಾನ್ಯವಾಗಿ ಸಾಯುವುದಿಲ್ಲ. ಸಾಯುವುದು ಅದಕ್ಕೆ ಸಮನಾದ ವಿದ್ಯುತ್ ಉಣಿಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಸಣ್ಣ ಡಬ್ಬಿಯಂಥ ಆ ಬಿಡಿಭಾಗದೊಳಗೆ ದ್ರವವಿದೆ. ಬಿಸಿಗೆ ಅದು ನಿಧಾನವಾಗಿ ಆರುತ್ತ ಹೋಗುತ್ತದೆ. ಅದರ ಮೈಮೇಲೆ 105 ಡಿಗ್ರಿ ಎಂದು ಅಚ್ಚಾಗಿರುತ್ತದೆ, ಸಾಧಾರಣ ಮಾಲಿನದಾದರೆ ಆ ಉಷ್ಣತೆಯಲ್ಲಿ ಆಯುಸ್ಸು 2000 ಗಂಟೆ. ಹತ್ತು ಡಿಗ್ರಿ ಇಳಿದಂತೆಲ್ಲ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಪೆಟ್ಟಿಗೆಯೊಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, ಅಂದರೆ ಮೂರೂವರೆ ವರ್ಷಕ್ಕೆ ತುಸು ಹೆಚ್ಚು. 55 ಡಿಗ್ರಿ ಆದರೆ ಏಳು ವರ್ಷ ದಾಟುತ್ತದೆ. 45ಕ್ಕೆ ಇಳಿಸಿದರೆ ಹದಿನಾಲ್ಕು ವರ್ಷ. ಒಂದೇ ಸ್ವಿಚ್, ಒಂದೇ ಬೆಲೆ. ಇಟ್ಟ ಜಾಗದಿಂದಲೇ ಇಷ್ಟು ವ್ಯತ್ಯಾಸ.

ನಾವು ಅದನ್ನು ಇಡುವುದಾದರೂ ಎಲ್ಲಿ? ಟಿವಿ ಕೆಳಗಿನ ಮರದ ಕಪಾಟಿನಲ್ಲಿ, ಬಾಗಿಲು ಮುಚ್ಚಿ, ಸೆಟ್‌ಟಾಪ್ ಬಾಕ್ಸಿನ ತಲೆಯ ಮೇಲೆ. ಇಲ್ಲವೇ ಇನ್ವರ್ಟರ್ ಬ್ಯಾಟರಿಯ ಪಕ್ಕದ ಮೂಲೆಯಲ್ಲಿ. ಕಲಬುರಗಿ, ರಾಯಚೂರುಗಳ ಮೇ ತಿಂಗಳಲ್ಲಿ ಹೊರಗೇ ನಲವತ್ತು ಡಿಗ್ರಿ ದಾಟಿರುತ್ತದೆ. ಸ್ವಿಚ್ಚಿನ ವಿವರ ಪತ್ರದಲ್ಲಿ ‘0ರಿಂದ 40 ಡಿಗ್ರಿ’ ಎಂದಿರುವುದು ಸುತ್ತಲಿನ ಗಾಳಿಯ ಉಷ್ಣತೆಗೆ. ಮುಚ್ಚಿದ ಕಪಾಟಿನ ಒಳಗಿನ ಗಾಳಿ ಬೆಳಗಿನ ಹೊತ್ತಿಗೇ ಅದನ್ನು ಮೀರಬಹುದು. 50 ಡಿಗ್ರಿಗೆ ಖಾತರಿ ಕೊಡುವ ಸ್ವಿಚ್ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಕೊಳ್ಳಬೇಕು. ಲೋಹದ ಕವಚ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಪ್ಲಾಸ್ಟಿಕ್ ಒಳಗೇ ಹಿಡಿದಿಡುತ್ತದೆ. ಗೋಡೆಗೆ ನೇತುಹಾಕಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ತಾನೇ ಹರಿಯುತ್ತದೆ. ಅಗ್ಗದ 2.5 ಗಿಗಾಬಿಟ್ ಸ್ವಿಚ್‌ಗಳಲ್ಲಿ ಹೊರಗಿನ ಹೆಸರು ಹತ್ತಿದ್ದರೂ ಒಳಗಿನ ಚಿಪ್ ಬಹುಪಾಲು ತೈವಾನಿನ ರಿಯಲ್‌ಟೆಕ್‌ನದೇ. ಹಾಗಿರುವಾಗ ನೋಡಬೇಕಾದದ್ದು ಕವಚ, ಚಿಪ್ಪಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆ, ಖಾತರಿಯ ವರ್ಷಗಳು, ಮತ್ತು ಜೊತೆಗೆ ಬರುವ ಅಡಾಪ್ಟರ್.

ಅಡಾಪ್ಟರ್ ಬಗ್ಗೆ ಎರಡು ಮಾತು ಹೇಳಲೇಬೇಕು. ‘ಸ್ವಿಚ್ ಸತ್ತಿದೆ’ ಎಂದು ಎಸೆದವುಗಳಲ್ಲಿ ಎಷ್ಟೋ ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಗೋಡೆಗೆ ಚುಚ್ಚಿದ ಅಡಾಪ್ಟರ್. ಭಾರತದಲ್ಲಿ ಮಾರುವ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ನೋಂದಣಿಯ ‘ಆರ್’ ಸಂಖ್ಯೆ ಇರಬೇಕು, ಇಲ್ಲದ್ದನ್ನು ಮನೆಗೆ ತರಬೇಡಿ. 12 ವೋಲ್ಟಿನ ಸ್ವಿಚ್ ಆರಿಸಿದರೆ ಇನ್ನೊಂದು ಅನುಕೂಲ: ರೂಟರ್‌ಗಳಿಗೆಂದು ಮಾರುವ ಮಿನಿ ಯುಪಿಎಸ್‌ನಿಂದಲೇ ಅದನ್ನೂ ಓಡಿಸಬಹುದು. ರೂಟರ್ ಮತ್ತು ಸ್ವಿಚ್ ಎರಡರ ಆಂಪಿಯರ್ ಕೂಡಿಸಿ, ಯುಪಿಎಸ್‌ನ ಆಂಪಿಯರ್ ಅದಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳಿ. ಕರೆಂಟ್ ಹೋದಾಗ ರೂಟರ್ ಉಳಿದು ಸ್ವಿಚ್ ಆರಿದರೆ ಮಹಡಿ ಮೇಲಿನ ಕೋಣೆಗೆ ಏನೂ ಉಪಯೋಗವಿಲ್ಲ.

ಎಂಥ ಸ್ವಿಚ್ ತಂದರೂ ಕೇಬಲ್ ಕೆಟ್ಟದ್ದಾದರೆ ವ್ಯರ್ಥ. ಬೆಂಗಳೂರಿನ ಎಸ್.ಪಿ. ರೋಡಿನಂಥ ಸಂತೆಯಲ್ಲಿ 305 ಮೀಟರಿನ ಕೇಬಲ್ ಪೆಟ್ಟಿಗೆಗಳು ಒಂದರ ಪಕ್ಕ ಒಂದು ಜೋಡಿಸಿರುತ್ತವೆ, ಎಲ್ಲದರ ಮೇಲೂ ಕ್ಯಾಟ್ 6 ಎಂದಿರುತ್ತದೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಗ್ಗದ್ದು ಬಹುತೇಕ ‘ಸಿಸಿಎ’: ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ತೆಳು ಲೇಪ. ಅಲ್ಯೂಮಿನಿಯಂ ವಿದ್ಯುತ್ತನ್ನು ತಾಮ್ರದ ಶೇಕಡಾ 60ರಷ್ಟು ಮಾತ್ರ ಚೆನ್ನಾಗಿ ಒಯ್ಯುತ್ತದೆ. ಕೇಬಲ್ ಮಾನದಂಡಗಳು ಇದನ್ನು ಒಪ್ಪುವುದೇ ಇಲ್ಲ. ಪರೀಕ್ಷೆ ಸುಲಭ. ಒಂದು ಎಳೆಯನ್ನು ಬಿಡಿಸಿ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಸಿಸಿಎ ಆದರೆ ಎರಡು ಗೀರಿಗೆ ಒಳಗಿನ ಬೆಳ್ಳಿ ಬಣ್ಣ ಇಣುಕುತ್ತದೆ. ಎರಡು ಮೂರು ಸಲ ಬಾಗಿಸಿದರೆ ಮುರಿದೇ ಹೋಗುತ್ತದೆ. ತಂತಿಯಲ್ಲೇ ವಿದ್ಯುತ್ ಪಡೆಯುವ ಸಿಸಿಟಿವಿ ಕ್ಯಾಮೆರಾಗಳಿಗೆ ಇದನ್ನು ಬಳಸಿದರೆ ಕೇಬಲ್ಲೇ ಬಿಸಿಯಾಗುತ್ತದೆ.

ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನೂ ನೋಡಬೇಕು. ಎಂಟು ಬಣ್ಣದ ಎಳೆಗಳು ಪಾರದರ್ಶಕ ತಲೆಯೊಳಗೆ ತುದಿಯವರೆಗೆ ತಲುಪಿವೆಯೇ, ಹೊರಕವಚ ಕನೆಕ್ಟರಿನ ಒಳಗೆ ಸಿಕ್ಕಿಕೊಂಡಿದೆಯೇ? ಕವಚ ಹೊರಗೇ ನಿಂತು ಬರಿ ಎಳೆಗಳು ಕಾಣುತ್ತಿದ್ದರೆ ಒಂದಲ್ಲ ಒಂದು ದಿನ ಅದರಲ್ಲೊಂದು ಬಿಟ್ಟುಕೊಳ್ಳುತ್ತದೆ. ನೀಲಿ ಅಥವಾ ಕಂದು ಜೋಡಿಯ ಎಳೆ ಬಿಟ್ಟರೆ ಆಗುವುದು ವಿಚಿತ್ರ ತೊಂದರೆ. ಎರಡು ತುದಿಗಳೂ ಯಾವ ವೇಗವೆಂದು ಮಾತಾಡಿಕೊಳ್ಳುವುದು ಕಿತ್ತಳೆ ಮತ್ತು ಹಸಿರು ಜೋಡಿಗಳಲ್ಲೇ. ಅಲ್ಲಿ ‘ಗಿಗಾಬಿಟ್’ ಎಂದು ಒಪ್ಪಂದವಾಗುತ್ತದೆ, ಉಳಿದೆರಡು ಜೋಡಿ ಕೈಕೊಡುತ್ತವೆ, ಒಂದೆರಡು ಯತ್ನದ ಬಳಿಕ ಚಿಪ್ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯುತ್ತದೆ. ನೆಟ್ ನಡೆಯುತ್ತಲೇ ಇರುತ್ತದೆ, ಹತ್ತನೇ ಒಂದು ವೇಗದಲ್ಲಿ. ಇದನ್ನು ಹಿಡಿಯಲು ಪೋರ್ಟಿನ ದೀಪವೇ ಸಾಕು. ಯಾವ ವೇಗಕ್ಕೆ ಯಾವ ಬಣ್ಣ ಎಂಬುದು ಸಾಮಾನ್ಯವಾಗಿ ಸ್ವಿಚ್ಚಿನ ಮೈಮೇಲೆ ಬರೆದಿರುತ್ತದೆ.

ಮಲೆನಾಡಿನ, ಕರಾವಳಿಯ ಓದುಗರಿಗೆ ಸಿಡಿಲಿನ ವಿಷಯ ಬಿಡುವಂತಿಲ್ಲ. ಪ್ರತಿ ಪೋರ್ಟಿನ ಹಿಂದೆಯೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇದ್ದು 1500 ವೋಲ್ಟ್‌ವರೆಗೆ ತಡೆಯಬೇಕೆಂಬುದು ನಿಯಮ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದ ಮರಕ್ಕೆ ಸಿಡಿಲು ಬಡಿದರೆ, ಅಂಗಳ ದಾಟಿದ ಉದ್ದ ತಂತಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ತಾನಾಗಿ ಹುಟ್ಟುತ್ತದೆ. ಗೇಟಿನ ಕ್ಯಾಮೆರಾಕ್ಕೋ, ಅಡಕೆ ತೋಟದ ಪಂಪ್‌ಹೌಸಿಗೋ ತಾಮ್ರದ ತಂತಿ ಎಳೆದ ಮನೆಗಳಲ್ಲಿ ಒಂದು ಸಂಜೆಯ ಮಳೆಗೆ ಸ್ವಿಚ್, ರೂಟರ್, ಟಿವಿ ಮೂರೂ ಸುಡುವುದು ಹೀಗೆ. ಮನೆಯ ಗೋಡೆ ದಾಟುವ ಯಾವ ದಾರಿಗೂ ಗಾಜಿನ ನಾರು ಬಳಸಿ, ಎರಡೂ ತುದಿಗೆ ನಾರನ್ನು ತಾಮ್ರದ ತಂತಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ನಾರಿನ ಕೇಬಲ್ಲಿನ ಜೊತೆ ಆಧಾರಕ್ಕೆಂದು ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು.

ಒಳಗಿನ ವ್ಯವಸ್ಥೆಯನ್ನು ನಾವೇ ಬದಲಿಸಬಹುದಾದ ‘ಮ್ಯಾನೇಜ್ಡ್’ ಸ್ವಿಚ್ ಬೇಕೇ, ಬೇಡವೇ? ಹೆಚ್ಚಿನ ಮನೆಗಳಿಗೆ ಬೇಡ. ಕ್ಯಾಮೆರಾಗಳನ್ನು, ಅತಿಥಿಗಳನ್ನು ಪ್ರತ್ಯೇಕ ಜಾಲದಲ್ಲಿ ಇಡಬೇಕೆನ್ನುವವರಿಗೆ ಬೇಕು. ಹಾಗೆ ಕೊಂಡರೆ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ, ಕಂಪನಿ ತಂತ್ರಾಂಶವನ್ನು ನವೀಕರಿಸುತ್ತಿದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿ. ಸಾದಾ ಸ್ವಿಚ್ಚಿನಲ್ಲಿ ಒಂದು ಅಪಾಯ ತಿಳಿದಿರಲಿ. ಒಂದೇ ತಂತಿಯ ಎರಡೂ ತುದಿಗಳನ್ನು ಮರೆತು ಒಂದೇ ಸ್ವಿಚ್ಚಿಗೆ ಚುಚ್ಚಿದರೆ, ಎಲ್ಲರಿಗೂ ಹೋಗಬೇಕಾದ ಸಂದೇಶ ಸುತ್ತಿ ಸುತ್ತಿ ಬಂದು ಜಾಲವನ್ನೇ ಮುಳುಗಿಸುತ್ತದೆ; ಈಥರ್‌ನೆಟ್ ಸಂದೇಶಕ್ಕೆ ಇಷ್ಟು ಸುತ್ತಿನ ಬಳಿಕ ಸಾಯಿ ಎಂಬ ಎಣಿಕೆ ಇಲ್ಲ. ಇಂಥ ಸುತ್ತುಗಳನ್ನು ತಾನಾಗಿ ಕಂಡುಹಿಡಿದು ಮುರಿಯುವ ವಿಧಾನವನ್ನು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದರು. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಅದು ಇರುತ್ತದೆ, ಅಗ್ಗದವುಗಳಲ್ಲಿ ‘ಲೂಪ್’ ಎಂದು ಬರೆದ ದೀಪವಾದರೂ ಇದ್ದರೆ ಒಳ್ಳೆಯದು.

ಸ್ವಿಚ್ ತಂದ ವಾರದೊಳಗೆ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಒಂದು ಪರೀಕ್ಷೆ ಮಾಡಿ. ಎರಡು ಕಂಪ್ಯೂಟರುಗಳನ್ನು ಅದಕ್ಕೆ ಜೋಡಿಸಿ, ಉಚಿತವಾಗಿ ಸಿಗುವ ‘ಐಪರ್ಫ್ 3’ ತಂತ್ರಾಂಶವನ್ನು ಮಧ್ಯಾಹ್ನದ ಬಿಸಿಲ ಹೊತ್ತಿನಲ್ಲಿ ಒಂದೆರಡು ಗಂಟೆ ಓಡಿಸಿ. ಗಿಗಾಬಿಟ್ ಆದರೆ 940 ಮೆಗಾಬಿಟ್, 2.5 ಗಿಗಾಬಿಟ್ ಆದರೆ 2.35, ಹತ್ತಾದರೆ 9.4 ಗಿಗಾಬಿಟ್ ಆಸುಪಾಸು ಬರಬೇಕು, ಮೊದಲ ನಿಮಿಷದಲ್ಲಿ ಬಂದದ್ದೇ ಕೊನೆಯ ನಿಮಿಷದಲ್ಲೂ ಬರಬೇಕು. ಆಮೇಲೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ. ಹತ್ತು ಎಣಿಸುವವರೆಗೆ ಇಡಲಾಗದಿದ್ದರೆ ಅದನ್ನು ಕಪಾಟಿನಿಂದ ಹೊರತೆಗೆದು ಗೋಡೆಗೆ ತೂಗುಹಾಕಿ, ಮರುದಿನ ಮತ್ತೆ ಓಡಿಸಿ. ಆಗಲೂ ಅಷ್ಟೇ ಬಿಸಿಯಿದ್ದರೆ ವಾಪಸು ಕೊಟ್ಟು, ಎರಡು ಪೋರ್ಟು ಕಡಿಮೆಯಾದರೂ ಸರಿ, ಕಡಿಮೆ ವ್ಯಾಟಿನದನ್ನು ತನ್ನಿ.